ಹೆಸರಿಲ್ಲದ ಕಲ್ಲು



ಆಗಮನ ಕಾಲದ ಮೊದಲ ಮೇಣದಬತ್ತಿಯನ್ನು ಹಚ್ಚುವ ಹೊತ್ತಿಗೆ ಉಡುಗೊರೆಗಳ ಜಾಹೀರಾತುಗಳೂ ನಮ್ಮ ಮನೆಬಾಗಿಲಿಗೆ ಬಂದಿರುತ್ತವೆ. ಬಟ್ಟೆ, ಕೇಕು, ಗಡಿಯಾರಗಳ ಸಾಲಿಗೆ ಈಗ ಇನ್ನೊಂದು ವಸ್ತು ಸೇರಿದೆ: ಉಂಗುರಕ್ಕೂ ಓಲೆಗೂ ಕೂರಿಸದ ಬಿಡಿ ರತ್ನ. ಪುಟ್ಟ ಡಬ್ಬಿಯೊಳಗೆ ಒಂದು ಕಲ್ಲು, ಜೊತೆಗೊಂದು ಚೀಟಿ. ಇದು ನಿಮ್ಮ ಜನ್ಮಮಾಸದ ರತ್ನ, ಶಾಂತಿ, ಆರೋಗ್ಯ, ಅದೃಷ್ಟಗಳನ್ನು ತರುವಂಥದು ಎಂದು ಅದರ ಒಕ್ಕಣೆ. ಇದನ್ನು 'ಅರ್ಥಪೂರ್ಣ ಉಡುಗೊರೆ' ಎಂದು ಮಾರಲಾಗುತ್ತಿದೆ. ಆ ಅರ್ಥ ಯಾವುದು, ಅದನ್ನು ಕಲ್ಲಿಗೆ ಕೊಟ್ಟವರು ಯಾರು ಎಂದು ನಾವು ಕೇಳಲೇಬೇಕು.

ಕಳೆದ ಕ್ರಿಸ್ತಜಯಂತಿಯ ಬಳಿಕ ಪರಿಚಿತರ ಮನೆಗೆ ಹೋಗಿದ್ದೆ. ಆ ಮನೆಯ ಹಿರಿಯ ತಾಯಿ ಇಂಥದೇ ಡಬ್ಬಿಯೊಂದನ್ನು ತಂದು ತೋರಿಸಿದರು. ಹೊರದೇಶದಲ್ಲಿರುವ ಮಗ ಕಳುಹಿಸಿದ ನೀಲಿ ಕಲ್ಲು. ಆಕೆ ಹುಟ್ಟಿದ್ದು ಡಿಸೆಂಬರ್ ತಿಂಗಳಲ್ಲಿ. ಕಲ್ಲಿನ ಹೆಸರು ಟಾಂಜನೈಟ್. ಉಂಗುರ ಮಾಡಿಸೋಣವೆಂದು ಅಕ್ಕಸಾಲಿಗರನ್ನು ವಿಚಾರಿಸಿದರಂತೆ. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿಯನ್ನು ದಾಟಿದ್ದನ್ನು ನೀವೆಲ್ಲ ಬಲ್ಲಿರಿ. ಕಲ್ಲು ಮತ್ತೆ ಬೀರು ಸೇರಿತು. "ಮಗ ಕೊಟ್ಟದ್ದು, ಬೇಡ ಎನ್ನಲಾರೆ. ಇಟ್ಟುಕೊಂಡು ಏನು ಮಾಡಲಿ ಎಂದೂ ತಿಳಿಯದು. ಇದರ ಬದಲು ಒಂದು ಕಾಗದ ಬರೆದಿದ್ದರೆ ಹತ್ತು ಸಲ ಓದುತ್ತಿದ್ದೆ" ಎಂದರು. ಪ್ರೀತಿಯಿಂದ ಕೊಟ್ಟ ವಸ್ತು ಪಡೆದವರ ತಲೆಗೆ ಹೊರೆಯಾದರೆ ಅದು ಕೊಟ್ಟವರ ಸಂತೋಷಕ್ಕೆ ಕೊಟ್ಟದ್ದಾಯಿತೇ ಹೊರತು ಪಡೆದವರಿಗಾಗಿ ಕೊಟ್ಟದ್ದಾಗಲಿಲ್ಲ.

ಆ ಕಲ್ಲಿನ ಕಥೆಯನ್ನೇ ತುಸು ವಿಚಾರಿಸೋಣ. ಜನ್ಮಮಾಸದ ರತ್ನಗಳ ಈಗಿನ ಪಟ್ಟಿ ಯಾವ ಋಷಿಯೂ ಪ್ರವಾದಿಯೂ ಹೇಳಿದ್ದಲ್ಲ. ಹಳೆಯ ಸಂಪ್ರದಾಯಗಳಿಂದ ಆಯ್ದು ಅದನ್ನು ನಿಗದಿಪಡಿಸಿದವರು 1912ರಲ್ಲಿ ಸಭೆ ಸೇರಿದ ಅಮೆರಿಕದ ಆಭರಣ ವ್ಯಾಪಾರಿಗಳು. ಟಾಂಜನೈಟ್ ಪತ್ತೆಯಾದದ್ದು 1967ರಲ್ಲಿ, ಆಫ್ರಿಕಾದ ಟಾಂಜಾನಿಯ ದೇಶದ ಮೆರೆಲಾನಿ ಬೆಟ್ಟಗಳಲ್ಲಿ. ಮರುವರ್ಷ ಅದಕ್ಕೆ ಆ ಹೆಸರಿಟ್ಟದ್ದು ನ್ಯೂಯಾರ್ಕಿನ ಒಂದು ಆಭರಣ ಕಂಪನಿ. ಡಿಸೆಂಬರಿನ ರತ್ನವೆಂದು ಅದನ್ನು ಪಟ್ಟಿಗೆ ಸೇರಿಸಿದ್ದು 2002ರಲ್ಲಿ, ಮತ್ತೆ ವ್ಯಾಪಾರಿಗಳೇ. ನೆಲದಿಂದ ತೆಗೆದಾಗ ಬಹುಪಾಲು ಕಂದಾಗಿರುವ ಈ ಕಲ್ಲು ನೀಲಿಯಾಗುವುದು ಕುಲುಮೆಯಲ್ಲಿ ಕಾಯಿಸಿದ ಮೇಲೆ. ನಾನು ಹೇಳಿದ ಆ ತಾಯಿ ಹುಟ್ಟಿದಾಗ ಅವರ 'ಜನ್ಮರತ್ನ' ಇನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ! ಇದನ್ನು ಅದೃಷ್ಟವೆನ್ನೋಣವೇ, ವ್ಯಾಪಾರದ ಜಾಣ್ಮೆಯೆನ್ನೋಣವೇ?

ಮಾಣಿಕ್ಯವನ್ನು ಕೃತಕವಾಗಿ ತಯಾರಿಸುವ ವಿಧಾನವನ್ನು ಫ್ರಾನ್ಸಿನ ವಿಜ್ಞಾನಿ ಓಗುಸ್ತ್ ವೆರ್ನೊಯ್ 1902ರಲ್ಲೇ ಪ್ರಕಟಿಸಿದರು. ಗಣಿಯ ಮಾಣಿಕ್ಯಕ್ಕೂ ಕುಲುಮೆಯ ಮಾಣಿಕ್ಯಕ್ಕೂ ಮೂಲದ್ರವ್ಯ ಒಂದೇ. ಹಾಗಿದ್ದಲ್ಲಿ ಶಕ್ತಿ ಇರುವುದು ಯಾವುದರಲ್ಲಿ? ಕಲ್ಲಿನಲ್ಲೋ, ಚೀಟಿಯಲ್ಲೋ?

ನೆರೆಯವರ ನಂಬಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಾನು ಪ್ರಶ್ನಿಸುತ್ತಿರುವುದು ನಮ್ಮನ್ನೇ. ಕೊರಳಲ್ಲಿ ಶಿಲುಬೆ, ಬೆರಳಲ್ಲಿ ಗ್ರಹದೋಷ ನಿವಾರಣೆಯ ಹವಳ, ಇವೆರಡನ್ನೂ ಧರಿಸಿ ಪರಮಪ್ರಸಾದಕ್ಕೆ ಕೈಯೊಡ್ಡುವವರು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೆಂದು ಹೇಳಬಲ್ಲೆವೇ? 1992ರಲ್ಲಿ ಪ್ರಕಟವಾದ ಕಥೋಲಿಕ ಶ್ರೀಸಭೆಯ ಧರ್ಮೋಪದೇಶವು ಜಾತಕ, ಜ್ಯೋತಿಷ್ಯಗಳನ್ನು ತನ್ನ 2116ನೆಯ ಪರಿಚ್ಛೇದದಲ್ಲೂ, ತಾಯಿತ ಕಟ್ಟಿಕೊಳ್ಳುವುದನ್ನು 2117ನೆಯದರಲ್ಲೂ ಸ್ಪಷ್ಟವಾಗಿ ತಿರಸ್ಕರಿಸಿದೆ. ತಾಯಿತವನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕ್ರಿಸ್ತಜಯಂತಿಯ ನಕ್ಷತ್ರವನ್ನು ಅಂಟಿಸಿದ ಮಾತ್ರಕ್ಕೆ ಅದು ಕ್ರೈಸ್ತ ಉಡುಗೊರೆಯಾಗದು. ಗೋದಲಿಯಲ್ಲಿ ಮಲಗಿರುವ ಶಿಶುವಿನಲ್ಲಿ ನಮಗೆ ಬೇಕಾದ ಶಾಂತಿ ಇದೆಯೆಂದು ಹಾಡುತ್ತಾ, ಅದೇ ಶಾಂತಿಯನ್ನು ಕ್ಯಾರೆಟ್ಟಿನ ಲೆಕ್ಕದಲ್ಲಿ ಕೊಳ್ಳುವುದು ಯಾವ ನ್ಯಾಯ?

ಇನ್ನು ಕಲ್ಲಿನ ಹಿಂದಿರುವ ಮನುಷ್ಯರನ್ನು ನೆನೆಯೋಣ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅಷ್ಟು ಪುಟ್ಟ ವಸ್ತುವಿನ ಹಿಂದೆ ಎಷ್ಟು ದೊಡ್ಡ ದುಃಖ ಅಡಗಿರಬಹುದು! 2008ರ ಮಾರ್ಚ್ ತಿಂಗಳಲ್ಲಿ ಮೆರೆಲಾನಿಯ ಗಣಿಗಳಿಗೆ ಮಳೆನೀರು ನುಗ್ಗಿ ಅನೇಕ ಕಾರ್ಮಿಕರು ನೆಲದಡಿಯಲ್ಲೇ ಪ್ರಾಣ ಬಿಟ್ಟರು. ಅಷ್ಟು ದೂರವೇಕೆ? ನಮ್ಮದೇ ದೇಶದ ಗುಜರಾತಿನ ಖಂಭಾತದಲ್ಲಿ ಅಕೀಕ್ ಕಲ್ಲನ್ನು ಅರೆದು ಹೊಳಪು ಕೊಡುವ ಬಡ ಕುಟುಂಬಗಳಿವೆ. ಮನೆಯಂಗಳದಲ್ಲೇ ಸಾಣೆಯ ಚಕ್ರ ತಿರುಗುತ್ತದೆ. ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಗಟ್ಟಿಗೊಳಿಸಿ ಸಿಲಿಕೋಸಿಸ್ ರೋಗವನ್ನು ತರುತ್ತದೆ. ಅದರ ಬೆನ್ನಿಗೇ ಕ್ಷಯವೂ ಅಂಟುವುದುಂಟು. ಹಾಳಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಚಕ್ರದ ಮುಂದೆ ಕೂರದ ಹೆಂಗಸರು ಮಕ್ಕಳೂ ಆ ಧೂಳನ್ನೇ ಉಸಿರಾಡುತ್ತಾರೆ. ಮಣಿಸರಗಳು ಮಾತ್ರವಲ್ಲ, ಜಪಸರಗಳೂ ಆ ಕಲ್ಲಿನಿಂದ ತಯಾರಾಗುತ್ತವೆ. ಆರೋಗ್ಯ ತರುವ ಕಲ್ಲೆಂದು ನಾವು ಕೊಂಡದ್ದು ಅದನ್ನು ಅರೆದವನ ಆರೋಗ್ಯವನ್ನೇ ತಿಂದಿರಬಹುದು ಎಂಬ ಯೋಚನೆ ನಮ್ಮನ್ನು ಕಾಡಬೇಡವೇ? 2003ರಲ್ಲಿ ಜಾರಿಗೆ ಬಂದ ಕಿಂಬರ್ಲಿ ಒಪ್ಪಂದವು ಸಂಘರ್ಷದ ನೆತ್ತರು ಅಂಟಿದ ಕಚ್ಚಾ ವಜ್ರಗಳ ವ್ಯಾಪಾರವನ್ನು ತಡೆಯಲು ಹುಟ್ಟಿದ್ದು. ಬಣ್ಣದ ಕಲ್ಲುಗಳು ಅದರ ವ್ಯಾಪ್ತಿಗೆ ಬರುವುದೇ ಇಲ್ಲ. ಹೀಗಾಗಿ ಕೇಳುವ ಹೊಣೆ ಕೊಳ್ಳುವವರಾದ ನಮ್ಮದೇ.

"ಶೆಬದ ರಾಣಿ ಸೊಲೊಮೋನನಿಗೆ ರತ್ನಗಳನ್ನು ಕೊಡಲಿಲ್ಲವೇ?" ಎಂದು ನೀವು ಕೇಳಬಹುದು. ಕೊಟ್ಟಳು, ನಿಜ. ಆದರೆ ಅವಳು ಅಷ್ಟು ದೂರ ಬಂದದ್ದು ಜ್ಞಾನವನ್ನು ಅರಸಿ. ಅದೃಷ್ಟವನ್ನು ಹಂಚಲು ಅಲ್ಲ. "ನಮ್ಮ ಅಜ್ಜಿಯ ಓಲೆಯ ಕೆಂಪುಕಲ್ಲನ್ನು ಮೊಮ್ಮಗಳಿಗೆ ಕೊಡಬಾರದೇ?" ಎಂದೂ ಕೇಳಬಹುದು. ಖಂಡಿತ ಕೊಡಿ. ಅಜ್ಜಿ ಅದನ್ನು ಧರಿಸಿ ಬಲಿಪೂಜೆಗೆ ಹೋದದ್ದನ್ನು, ಕಷ್ಟ ಬಂದಾಗ ಅಡವಿಟ್ಟು ಬಿಡಿಸಿಕೊಂಡದ್ದನ್ನು ಹೇಳಿ ಕೊಡಿ. ಅದಕ್ಕೆ ಅರ್ಥ ಬಂದದ್ದು ಗ್ರಹದಿಂದಲ್ಲ, ಅಜ್ಜಿಯ ಬಾಳಿನಿಂದ. ಹೊಸ ಕಲ್ಲನ್ನೇ ಕೊಡುವುದಾದರೆ ಎಲ್ಲಿಂದ ಬಂದದ್ದೆಂದು ಅಂಗಡಿಯವರನ್ನು ಕೇಳಿ, ಧರಿಸಲು ಬರುವಂತೆ ಕಟ್ಟಿಸಿ, ಅದೃಷ್ಟದ ಚೀಟಿಯನ್ನು ಹರಿದುಹಾಕಿ ಕೊಡಿ. ಅಷ್ಟೇ ಮೊತ್ತವನ್ನು ನಿಮ್ಮ ಧರ್ಮಕೇಂದ್ರದ ಬಡ ವಿದ್ಯಾರ್ಥಿಯೊಬ್ಬನ ಶುಲ್ಕಕ್ಕೆ ತೆಗೆದಿಡಬಲ್ಲಿರಾ ಎಂದು ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ. ಆಗುವುದಿಲ್ಲ ಎನ್ನುವುದಾದರೆ ಆ ಕಲ್ಲು ನಮ್ಮ ಶಕ್ತಿಗೆ ಮೀರಿದ್ದು, ಇಲ್ಲವೇ ನಮ್ಮ ಪ್ರೀತಿಗೆ ಮೀರಿದ್ದು.

ವಿಮೋಚನಕಾಂಡದಲ್ಲಿ ಮಹಾಯಾಜಕ ಆರೋನನ ಎದೆಪದಕದ ವರ್ಣನೆಯಿದೆ. ಹನ್ನೆರಡು ರತ್ನಗಳು, ಯಾವುದೂ ಬಿಡಿಯಾಗಿಲ್ಲ, ಎಲ್ಲವನ್ನೂ ಚಿನ್ನದಲ್ಲಿ ಕೂರಿಸಲಾಗಿದೆ. ಒಂದೊಂದರ ಮೇಲೂ ಇಸ್ರಯೇಲಿನ ಒಂದೊಂದು ಕುಲದ ಹೆಸರು. ದೇವರ ಸನ್ನಿಧಿಗೆ ಹೋಗುವಾಗ ಆರೋನನು ಆ ಹೆಸರುಗಳನ್ನು ತನ್ನ ಹೃದಯದ ಮೇಲೆ ಹೊತ್ತು ಹೋಗಬೇಕಿತ್ತು. ಕಲ್ಲು ಜನರನ್ನು ಕಾಪಾಡಲಿಲ್ಲ; ಜನರ ಹೆಸರನ್ನು ದೇವರ ಮುಂದೆ ಒಯ್ದಿತು. ಪ್ರಕಟನೆ ಗ್ರಂಥದ ಎರಡನೆಯ ಅಧ್ಯಾಯದಲ್ಲಿಯೂ, ಜಯಹೊಂದಿದವರಿಗೆ ಪ್ರಭು ಒಂದು ಬಿಳಿಯ ಕಲ್ಲನ್ನು ಕೊಡುವ ವಾಗ್ದಾನವಿದೆ. ಅದು ಎಷ್ಟು ಕ್ಯಾರೆಟ್ಟಿನದೆಂದು ಅಲ್ಲಿ ಹೇಳಿಲ್ಲ. ಅದರ ಮೇಲೆ ಹೊಸ ಹೆಸರೊಂದು ಬರೆದಿದೆ, ಅದು ಪಡೆದವರಿಗೆ ಮಾತ್ರ ತಿಳಿದಿದೆ ಎಂದಷ್ಟೇ ಇದೆ.

ಈ ಕ್ರಿಸ್ತಜಯಂತಿಗೆ ನೀವು ಕೊಡುವ ಉಡುಗೊರೆ ಏನೇ ಇರಲಿ, ಪಡೆಯುವವರ ಹೆಸರು ಮೊದಲು ನಿಮ್ಮ ಪ್ರಾರ್ಥನೆಯಲ್ಲಿ ಇರಲಿ. ದೂರದಲ್ಲಿರುವ ತಾಯಿಗೆ ಒಂದು ಕಾಗದವನ್ನು ಮರೆಯದೆ ಬರೆಯಿರಿ.