ಮಕ್ಕಳ ದಾಖಲೆಗೆ ಕಾವಲೆಲ್ಲಿ?

ವಿದ್ಯಾರ್ಥಿಗಳಿಗೆಲ್ಲ ‘ಅಪಾರ್’ ಎಂಬ 12 ಅಂಕಿಗಳ ಗುರುತುಸಂಖ್ಯೆಯನ್ನು ಕೊಡಲು ಕೇಂದ್ರ ಸರ್ಕಾರದವರು ಹೊರಟಿರುವುದನ್ನು ವಾಚಕರು ಬಲ್ಲರು. ಅಂಕಪಟ್ಟಿ, ಪ್ರಮಾಣಪತ್ರಗಳು ಒಂದೆಡೆ ದೊರೆಯುವುದು ಅನುಕೂಲವೇ ಸರಿ, ನಾವು ಅಲ್ಲಗಳೆಯೆವು. ಆದರೆ ಅಮೆರಿಕದಲ್ಲಿ ನಡೆದುದೇನು? 2024ರ ಡಿಸೆಂಬರಿನಲ್ಲಿ, ಶಾಲೆಗಳ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ನಿರ್ವಹಿಸುವ ಪವರ್‌ಸ್ಕೂಲ್ ಸಂಸ್ಥೆಯೊಳಕ್ಕೆ ಕದ್ದ ಪಾಸ್‌ವರ್ಡೊಂದರಿಂದ ನುಗ್ಗಿ, ಕೋಟ್ಯಂತರ ಮಕ್ಕಳ ವಿವರಗಳನ್ನು ಅಪಹರಿಸಲಾಯಿತು. ಮೊಬೈಲಿಗೆ ಬರುವ ಸಂಕೇತಾಂಕವನ್ನೂ ಕೇಳುವ ಎರಡನೆಯ ಬೀಗವು ಆ ಬಾಗಿಲಿಗಿರಲಿಲ್ಲ. ಸಂಸ್ಥೆಯವರು ಕಳ್ಳರಿಗೆ ಹಣ ತೆತ್ತರು. ಆದರೂ 2025ರ ಮೇ ತಿಂಗಳಲ್ಲಿ ಶಾಲೆಗಳಿಗೆ ಮರಳಿ ಬೆದರಿಕೆ ಬಂದಿತು! ಪಾಸ್‌ವರ್ಡನ್ನು ಬದಲಿಸಬಹುದು, ಮಗುವಿನ ಜನ್ಮದಿನವನ್ನು ಬದಲಿಸಲಾದೀತೆ?

ಅಪಾರ್‌ಗೆ ತಂದೆತಾಯಿಗಳ ಒಪ್ಪಿಗೆ ಬೇಕೆಂದು ಸರ್ಕಾರದವರೇ ವಿಧಿಸಿರುವರು. ಸಹಿ ಬೇಡುವ ಮುನ್ನ, ಶಾಲೆಯ ಪಾಸ್‌ವರ್ಡು ಎಷ್ಟು ಮಂದಿಯ ಕೈಯಲ್ಲಿರುವುದೆಂಬುದನ್ನು ಅವರಿಗೆ ತಿಳಿಸುವರೇ?