ಗ್ರಂಥಪಾಲಕರಿಗೆ ಒಂದು ಗಂಟೆ ಸಾಲದು

ಅಮೆರಿಕದ ಕಾಲೇಜುಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಹಲವರಿದ್ದೀರಿ. ಅಲ್ಲಿ ಪದವಿಯ ಮೊದಲ ವರ್ಷದ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದೊಯ್ದು, ಗ್ರಂಥಪಾಲಕರಿಂದ ಒಂದು ಗಂಟೆಯ ಪಾಠ ಹೇಳಿಸುವ ಪದ್ಧತಿ ವ್ಯಾಪಕವಾಗಿದೆ. ‘ಮಾಹಿತಿ ಸಾಕ್ಷರತೆ’ ಎಂದು ಅದಕ್ಕೆ ಹೆಸರು. ಬೇಕಾದ ಮಾಹಿತಿಯನ್ನು ಹುಡುಕುವುದು, ಸಿಕ್ಕಿದ್ದನ್ನು ತೂಗಿ ನೋಡುವುದು, ಎರವಲು ಪಡೆದದ್ದರ ಋಣವನ್ನು ಒಪ್ಪಿಕೊಳ್ಳುವುದು ಇಷ್ಟೂ ಅದರಲ್ಲಿ ಸೇರಿವೆ. 1974ರಲ್ಲಿ ಈ ಪದವನ್ನು ಬಳಕೆಗೆ ತಂದವರು ಪಾಲ್ ಜುರ್ಕೋವ್‌ಸ್ಕಿ. ವಿಷಯದ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಒಂದು ಗಂಟೆಯಲ್ಲಿ ಮುಗಿಸಿ ಕೈತೊಳೆದುಕೊಳ್ಳುವುದರ ಬಗ್ಗೆ ಇದೆ.

ಕಾಲೇಜಿಗೆ ಸೇರಿದ ಹೊಸದರಲ್ಲಿ ವಿದ್ಯಾರ್ಥಿಯ ತಲೆಯಲ್ಲಿ ಪ್ರಶ್ನೆಯೇ ಇರುವುದಿಲ್ಲ. ಪ್ರಶ್ನೆಯಿಲ್ಲದವನಿಗೆ ಹುಡುಕುವ ಬಗೆಯನ್ನು ಕಲಿಸುವುದು ಹಸಿವಿಲ್ಲದವನ ಮುಂದೆ ಎಲೆ ಹಾಕಿದಂತೆ. ಇದನ್ನು ಬಹಳ ಹಿಂದೆಯೇ ಅರಿತವರು ಇಂಡಿಯಾನಾ ರಾಜ್ಯದ ಅರ್ಲ್‌ಹ್ಯಾಮ್ ಕಾಲೇಜಿನ ಗ್ರಂಥಪಾಲಕರಾಗಿದ್ದ ಇವಾನ್ ಫಾರ್ಬರ್. 1962ರಿಂದ ಮೂರು ದಶಕಗಳ ಕಾಲ ಅವರು ಅಲ್ಲಿದ್ದರು. ಅಧ್ಯಾಪಕರು ಪ್ರಬಂಧದ ವಿಷಯ ಕೊಟ್ಟ ಹೊತ್ತಿಗೆ ಗ್ರಂಥಪಾಲಕರು ತರಗತಿಗೆ ಬಂದು, ಆ ವಿಷಯಕ್ಕೆ ಬೇಕಾದ ಗ್ರಂಥಸೂಚಿಗಳನ್ನೂ ಪತ್ರಿಕಾಸೂಚಿಗಳನ್ನೂ ತೋರಿಸಿಕೊಡುವುದು ಅವರ ಕ್ರಮ. ಆ ಚಿಕ್ಕ ಕಾಲೇಜು ಗ್ರಂಥಾಲಯ ಪ್ರಪಂಚದಲ್ಲಿ ಹೆಸರಾದದ್ದು ಈ ಕಾರಣಕ್ಕೆ.

ಕಲಿಸುವ ಸಾಮಗ್ರಿಯಲ್ಲಿಯೂ ಒಂದು ತೊಡಕಿದೆ. 2004ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋ ವಿಶ್ವವಿದ್ಯಾಲಯದ ಗ್ರಂಥಪಾಲಕಿ ಸಾರಾ ಬ್ಲೇಕ್ಸ್‌ಲೀ ಐದು ಅಂಶಗಳ ಒಂದು ಪರೀಕ್ಷೆಯನ್ನು ರೂಪಿಸಿದರು: ಬರಹ ಹೊಸದೇ, ಪ್ರಸ್ತುತವೇ, ಅಧಿಕೃತವೇ, ನಿಖರವೇ, ಅದರ ಉದ್ದೇಶವೇನು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಕ್ರ್ಯಾಪ್’ ಎಂದಾಗುತ್ತದೆ. ಸಭ್ಯವಾದ ಪದವಲ್ಲ, ಆದ್ದರಿಂದಲೇ ಮಕ್ಕಳ ನೆನಪಿನಲ್ಲಿ ಉಳಿಯಿತು. ನೂರಾರು ಗ್ರಂಥಾಲಯಗಳು ಇದನ್ನು ಅಳವಡಿಸಿಕೊಂಡವು. ಆದರೆ ವಿದ್ಯಾರ್ಥಿ ಪಟ್ಟಿಯನ್ನು ಹಿಡಿದು ಅದೇ ಪುಟದೊಳಗೆ ಸುತ್ತುತ್ತಿದ್ದರೆ, ಒಳ್ಳೆಯ ವೇಷ ತೊಟ್ಟ ಪುಟ ಐದರಲ್ಲಿಯೂ ಉತ್ತೀರ್ಣವಾಗಿಬಿಡುತ್ತದೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 10 ಮಂದಿ ಇತಿಹಾಸಕಾರರು, 10 ಮಂದಿ ಪತ್ರಿಕಾಲಯಗಳ ಸತ್ಯಪರಿಶೀಲಕರು, 25 ಮಂದಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಇದ್ದರು. ಮಕ್ಕಳ ವೈದ್ಯರ ಎರಡು ಸಂಘಗಳ ಜಾಲತಾಣಗಳನ್ನು ಅವರ ಮುಂದಿಟ್ಟರು. ಒಂದು 1930ರಲ್ಲಿ ಸ್ಥಾಪನೆಯಾದ, ಸಹಸ್ರಾರು ವೈದ್ಯರ ದೊಡ್ಡ ಸಂಘ. ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಹೊರಬಂದ ಪುಟ್ಟ ಗುಂಪು. ಹೆಸರುಗಳು ಮಾತ್ರ ಹೆಚ್ಚುಕಡಮೆ ಒಂದೇ ತೂಕದವು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಪುಟ್ಟ ಗುಂಪನ್ನೇ ನೆಚ್ಚಿದರು. ಪಂಡಿತರಾದ ಇತಿಹಾಸಕಾರರಲ್ಲಿಯೂ ಹಲವರಿಗೆ ವ್ಯತ್ಯಾಸ ತಿಳಿಯಲಿಲ್ಲ! ಸತ್ಯಪರಿಶೀಲಕರು ಮಾಡಿದ್ದು ಇಷ್ಟೆ: ಪುಟದಲ್ಲಿ ಕ್ಷಣಕಾಲ ನಿಂತು, ಹೊರಗೆ ಬಂದು, ಆ ಸಂಘದ ಬಗ್ಗೆ ಬೇರೆಯವರು ಏನೆನ್ನುತ್ತಾರೆಂದು ವಿಚಾರಿಸಿದರು. ಹೆಣ್ಣು ಕೊಡುವ ಮನೆಯವರು ಗಂಡಿನ ಬಗ್ಗೆ ಗಂಡಿನ ತಾಯಿಯನ್ನೇ ಕೇಳುತ್ತಾರೆಯೇ? ನೆರೆಯವರನ್ನು ಕೇಳುತ್ತಾರೆ.

ಅಲ್ಲಿನ ಕಾಲೇಜು ಗ್ರಂಥಪಾಲಕರ ಸಂಘವು 2000ದಲ್ಲಿ ರಚಿಸಿದ್ದ ಮಾನದಂಡಗಳನ್ನು 2016ರಲ್ಲಿ ಕೈಬಿಟ್ಟು, ಆರು ಪರಿಕಲ್ಪನೆಗಳ ಚೌಕಟ್ಟನ್ನು ಒಪ್ಪಿಕೊಂಡಿತು. ಪಾಂಡಿತ್ಯವೆಂಬುದು ಒಂದು ಸಂವಾದ, ಅಧಿಕೃತತೆ ಸಂದರ್ಭವನ್ನು ಅವಲಂಬಿಸಿದ್ದು, ಹೀಗೆ. ಒಳ್ಳೆಯ ಮಾತುಗಳೇ. ಆದರೆ ಇಂತಹವನ್ನು ಒಂದು ಗಂಟೆಯಲ್ಲಿ ಯಾವ ಮೇಷ್ಟ್ರು ತಾನೆ ಕಲಿಸಿಯಾರು? ಈಗಂತೂ ಯಂತ್ರವನ್ನು ಕೇಳಿದರೆ ಇಲ್ಲದ ಲೇಖಕರ, ಇಲ್ಲದ ಲೇಖನಗಳ ಹೆಸರನ್ನು ಪುಟಸಂಖ್ಯೆಯ ಸಮೇತ ಹುಟ್ಟಿಸಿ ಕೊಡುತ್ತದೆ. ಆ ಚೀಟಿಯನ್ನು ಹಿಡಿದು ಬರುವವರಿಗೆ, ‘ಇದು ಎಲ್ಲಿಯೂ ಇಲ್ಲ’ ಎಂದು ಹೇಳಬೇಕಾದ ಕೆಲಸವೂ ಗ್ರಂಥಪಾಲಕರ ಪಾಲಿಗೆ ಬಂದಿದೆ.

ನಮಗೆ ಇದು ಹೊರಗಿನಿಂದ ಬರಬೇಕಾದ ವಿದ್ಯೆಯಲ್ಲ. ಎಸ್. ಆರ್. ರಂಗನಾಥನ್ ಗ್ರಂಥಪಾಲಕರಾಗುವ ಮೊದಲು ಗಣಿತದ ಅಧ್ಯಾಪಕರು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿಯೂ ಪಾಠ ಹೇಳಿದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು, ಮುಂದೆ ಪರಾಮರ್ಶನ ಸೇವೆಯ ಬಗೆಗಳನ್ನು ವಿಂಗಡಿಸುವಾಗ ಹೊಸ ಓದುಗನಿಗೆ ದೀಕ್ಷೆ ಕೊಡುವುದನ್ನೇ ಒಂದು ಪ್ರತ್ಯೇಕ ಬಗೆಯಾಗಿ ಎಣಿಸಿದರು. ದಾಖಲೆ ಶಾಸ್ತ್ರದ ಸಂಶೋಧನೆಗಾಗಿ 1962ರಲ್ಲಿ ಅವರು ಕೇಂದ್ರವನ್ನು ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಯು.ಜಿ.ಸಿ. ವೇತನಶ್ರೇಣಿಯಲ್ಲಿ ನಮ್ಮ ಕಾಲೇಜು ಗ್ರಂಥಪಾಲಕರು ಅಧ್ಯಾಪಕರಿಗೆ ಸಮಾನರು. ವೇಳಾಪಟ್ಟಿಯಲ್ಲಿ ಮಾತ್ರ ಅವರ ಹೆಸರನ್ನು ಕಾಣುವುದು ಅಪರೂಪ.

ನಿಮ್ಮಲ್ಲಿ ನಾಲ್ಕಾರು ಮಂದಿ ಇಂದು ಪದವಿ ಕಾಲೇಜುಗಳ ಅಧ್ಯಾಪಕರಾಗಿದ್ದೀರಿ. ಮುಂದಿನ ಸೆಮಿಸ್ಟರಿನಲ್ಲಿ ಪ್ರಬಂಧದ ವಿಷಯ ಕೊಡುವ ದಿನ ಒಮ್ಮೆ, ಕರಡು ಕೈಸೇರಿದ ವಾರ ಮತ್ತೊಮ್ಮೆ ನಿಮ್ಮ ಗ್ರಂಥಪಾಲಕರನ್ನು ತರಗತಿಗೆ ಕರೆಯಿರಿ. ಮಕ್ಕಳು ಕೆಳಗೆ ಬರೆದುಕೊಂಡ ಆಧಾರಗಳಲ್ಲಿ ಯಾವುದನ್ನಾದರೂ ಎರಡನ್ನು ಅವರೆದುರೇ ಹುಡುಕಿ ತೆಗೆಯಲಿ. ಏನಾಯಿತೆಂದು ನನಗೆ ಬರೆದು ತಿಳಿಸಿ.