ನೀರಿನ ಜೊತೆ ಮಣ್ಣಿನ ವಿಜ್ಞಾನವೂ ಬರಲಿ

ಆಲಮಟ್ಟಿಯಿಂದ ಕೃಷ್ಣೆಯ ನೀರೆತ್ತಿ ವಿಜಯಪುರ ಜಿಲ್ಲೆಯ ಹೊಲಗಳಿಗೆ ಹರಿಸುವುದು ಮುಳವಾಡ ಏತ ನೀರಾವರಿ ಯೋಜನೆ. ಇದಕ್ಕಾಗಿ ಈ ಭಾಗದ ರೈತರು ವರ್ಷಗಟ್ಟಲೆ ಕಾದಿದ್ದಾರೆ. ನೀರು ಬರುವುದು ನಮಗೂ ಸಂತೋಷವೇ. ಆದರೆ ನೀರು ಕೊಟ್ಟರೆ ಕೆಲಸ ಮುಗಿಯಿತು ಎಂಬುದನ್ನು ನಾವು ಒಪ್ಪುವುದಿಲ್ಲ.

ಇಲ್ಲಿನದು ಎರೆಭೂಮಿ. ಕುಡಿದ ನೀರನ್ನು ಬೇಗ ಬಸಿಯುವುದಿಲ್ಲ. ಕಾಲುವೆ ಬಂದ ಮೇಲೆ ಕಬ್ಬಿನತ್ತ ಮನಸ್ಸು ಹೋಗುವುದು ಸಹಜ. ಆದರೆ ಅತಿಯಾಗಿ ನೀರು ಹಾಯಿಸಿದರೆ ಕೆಳಗಿನ ಉಪ್ಪು ಮೇಲೆದ್ದು ಹೊಲ ಸವಳಾಗುತ್ತದೆ. ತುಂಗಭದ್ರಾ, ಮಲಪ್ರಭಾ ಅಚ್ಚುಕಟ್ಟುಗಳಲ್ಲಿ ಆಗಿದ್ದು ಇದೇ. ಅಂಥ ನೆಲವನ್ನು ಸರಿಪಡಿಸುವ ಸಂಶೋಧನೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತಿದೆ.

ನಮ್ಮ ವಿಜಯಪುರದಲ್ಲಿ 1930ರ ದಶಕದಲ್ಲೇ ಒಣಬೇಸಾಯದ ಸಂಶೋಧನೆ ಶುರುವಾಗಿತ್ತು. ಈ ಮಣ್ಣನ್ನು ಬಲ್ಲವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೇಂದ್ರದಲ್ಲಿದ್ದಾರೆ. ಕಾಲುವೆ ತೋಡುವುದು ಕೃಷ್ಣಾ ಭಾಗ್ಯ ಜಲ ನಿಗಮ. ಇಬ್ಬರೂ ಒಂದೇ ಹೊಲದ ಬದುವಿನ ಮೇಲೆ ನಿಂತು ಮಾತಾಡಬೇಕು. ಮಣ್ಣು ಪರೀಕ್ಷೆ, ಬಸಿಗಾಲುವೆ, ಯಾವ ನೆಲಕ್ಕೆ ಯಾವ ಬೆಳೆ ಎಂಬ ಸಲಹೆ, ಈ ಮೂರೂ ಕಾಲುವೆಯ ಜೊತೆಗೇ ಊರಿಗೆ ಬರಬೇಕು.

ಗಂಗಾವತಿಯ ಪಾಠವನ್ನು ಮುಳವಾಡದ ರೈತ ತನ್ನ ಹೊಲ ಕೆಟ್ಟ ಮೇಲೆ ಕಲಿಯುವಂತಾಗಬಾರದು.